ಹಳಿಯ ಮೇಲೆ ನಿಂತ ಕಾರು

"ಎತ್ತಮ್ಮಿ ಗೇಟ. ನಿಮ್ಮಪ್ಪನ ಮನೆ ಬಾಗ್ಲಾ ಇದು, ಮುಂಡೆ?"

ಕಾರಿನ ಕಿಟಕಿಯಿಂದ ಕತ್ತು ಹೊರಹಾಕಿ ಬೈದವನು ಉಡಿಗಾಲದ ದೊಡ್ಡ ಜಮೀನಿನ ಯಜಮಾನ ದೊಡ್ಡಮಲ್ಲಪ್ಪ. ರೈಲ್ವೆ ಗೇಟಿನ ಕಂಬ ಇಳಿಯುತ್ತಿರುವಾಗಲೇ ಕಾರಿನ ಮೂತಿ ತೂರಿಸುವುದು ಅವನ ಅಭ್ಯಾಸ. ಮತ್ತೆ ಎತ್ತಿಕೊಡುವುದು ಗೇಟಿನವರ ಹಣೆಬರಹ. ಇವತ್ತು ಎರಡೂ ಕಡೆ ಕಂಬ ಇಳಿದು ಬೀಗ ಬಿದ್ದಿತ್ತು. ಸೀಟಿನ ಪ್ಲಾಸ್ಟಿಕ್ಕನ್ನೂ ಕೀಳದ ಹೊಸ ಕಾರು ಹಳಿಯ ಮೇಲಿತ್ತು. ಗೇಟಿನ ಕೀಲಿ ಕಾವಲಿನ ಮೂಗಮ್ಮನ ಕೈಯಲ್ಲಿತ್ತು.

"ಯಾವಳಮ್ಮಿ ನೀನು, ಒಸಬಳಾ?"

"ನಿಂಗರಾಜನ ಎಡ್ತಿ."

ಹೋದ ಬೇಸಿಗೆಯಲ್ಲಿ, ಆಗ ಇಲ್ಲಿ ಕಾವಲಿದ್ದ ನಿಂಗರಾಜು ಗೇಟು ಎತ್ತಿಕೊಡಲಿಲ್ಲವೆಂದು, ಬೈಕಿನವರೆಲ್ಲ ನೋಡುತ್ತಿದ್ದಂತೆ ಇದೇ ಮನುಷ್ಯ ಅವನನ್ನು ಎಕ್ಕಡದಲ್ಲಿ ಹೊಡೆದಿದ್ದ. ಸಾಲದ್ದಕ್ಕೆ, ಡ್ಯೂಟಿಯಲ್ಲಿ ಕುಡಿದಿದ್ದನೆಂದು ಮೇಲಿನವರಿಗೆ ಫೋನು ಮಾಡಿದ. ಹನಿ ಮುಟ್ಟದ ಗಂಡಸು ಕುಡುಕನಾದ, ಕೆಲಸ ಹೋಯಿತು. ಅವತ್ತಿನಿಂದ ಅವನು ಹೊಸ್ತಿಲು ದಾಟಿಲ್ಲ. ಹೆಂಗಸು ಬಾಯಿ ಮುಚ್ಚಿಕೊಂಡು ಮಾಡುತ್ತಾಳೆಂದು ಕಂಟ್ರಾಕ್ಟರು ಅದೇ ಕೆಲಸವನ್ನು ಮೂಗಮ್ಮನಿಗೆ ಕೊಟ್ಟಿದ್ದ.

ಆ ಕೀಲಿಯನ್ನು ಗೇಟ್ ಮನೆಯ ಪೆಟ್ಟಿಗೆಗೆ ಹಾಕಿ ತಿರುಗಿಸಿದರೆ ಮಾತ್ರ ರೈಲಿಗೆ ಹಸಿರು ದೀಪ. ಇಲ್ಲದಿದ್ದರೆ ಕೆಂಪು, ರೈಲು ಆಚೆ ತಿರುವಿನಲ್ಲೇ ನಿಲ್ಲಬೇಕು. ಇದು ದೊಡ್ಡಮಲ್ಲಪ್ಪನಿಗೆ ಗೊತ್ತಿರಲಿಲ್ಲ. ಮೂಗಮ್ಮ ಹೇಳಲೂ ಇಲ್ಲ.

ರೈಲು ಕೂಗಿತು. ಅವನು ಕಾರಿನಿಂದ ಹಾರಿ ಕಂಬ ಅಲ್ಲಾಡಿಸಿದ. ಅದು ಮಿಸುಕಲಿಲ್ಲ. ಕಾರು ಚಚ್ಚಿಹೋಗುತ್ತದೆಂದು ಅರಚಿದ, ಅವಳ ವಂಶವನ್ನೆಲ್ಲ ಬೈದ, ಆಮೇಲೆ ಅವ್ವಾ ಎಂದ. ಆ ಅವ್ವಾ ಕೇಳಿ ಅವಳ ಹೊಟ್ಟೆ ತಣ್ಣಗಾಯಿತು.

"ನನ್ ಗಂಡ ಕುಡ್ದಿದ್ನಾ, ಯೇಳು. ಎಲ್ರಿಗೂ ಕೇಳೋಂಗ್ ಯೇಳು."

ರೈಲು ಮತ್ತೆ ಕೂಗಿತು. ಗೇಟಿನಾಚೆ ನಿಂತವರು ಆಗಲೇ ಮೊಬೈಲು ಎತ್ತಿ ಹಿಡಿದಿದ್ದರು.

"ಇಲ್ಲ ಕಣವ್ವ, ಕುಡ್ದಿರ್ನಿಲ್ಲ. ನಾನೇ ಸುಳ್ಳೇಳ್ದಿ. ಎತ್ತವ್ವ, ನಿನ್ ಕಾಲ್ಗ್ ಬೀಳ್ತೀನಿ."

ಮೂಗಮ್ಮ ಎತ್ತಲಿಲ್ಲ. ಒಳಗೆ ಹೋಗಿ ಸ್ಟೇಷನ್ನಿಗೆ ಫೋನು ಮಾಡಿ, ಗೇಟಿಗೆ ಕಾರು ನುಗ್ಗಿಸಿದವನ ಹೆಸರು, ಊರು ಹೇಳಿ, ರೈಲ್ವೆ ಪೊಲೀಸರು ಬರುವವರೆಗೆ ಕೀಲಿ ತಿರುಗಿಸುವುದಿಲ್ಲ ಅಂದಳು. ಆ ಕಡೆಯಿಂದ ಸಾಹೇಬರು, ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಕೂಗಾಡಿದರು. ಅವಳು ರಿಸೀವರ್ ಇಟ್ಟು ಹೊರಗೆ ಬಂದಳು.

ಕೂಗು ನಿಂತು ಎಷ್ಟೋ ಹೊತ್ತಾದರೂ ರೈಲು ಬರಲಿಲ್ಲ. ದೊಡ್ಡಮಲ್ಲಪ್ಪ ಬೆವರು ಒರೆಸಿಕೊಂಡು ಹಳಿಯುದ್ದಕ್ಕೂ ನೋಡಿದ. ದೂರದಲ್ಲಿ ರೈಲು ನಿಂತಿತ್ತು.

"ಅದು ನಿಲ್ತದ ಅಂತ ಮೊದ್ಲೇ ಗೊತ್ತಿತ್ತೇನಮ್ಮಿ ನಿಂಗ?"

"ನಿಲ್ಸಿರೋಳೇ ನಾನು" ಎಂದಳು ಮೂಗಮ್ಮ.

ರೈಲಿನಿಂದ ಜನ ಇಳಿದು, ಯಾವನವನು ದಾರಿಗಡ್ಡ ನಿಂತವನು ಎಂದು ಬೈಯುತ್ತ ಹಳಿಗುಂಟ ಕಾರಿನ ಕಡೆಗೆ ಬರತೊಡಗಿದರು. ಮೂಗಮ್ಮ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ಕುಳಿತಳು.