ಕಾಂಚನಾಳ ಇನ್ಸುಲಿನ್ ನಿಂತಾಗ

ಬಾಳೆಹೊಸೂರಿನ ಕಾಂಚನಾಗೆ ಚಿಕ್ಕಂದಿನಿಂದ ಟೈಪ್ ಒನ್ ಸಕ್ಕರೆ ಕಾಯಿಲೆ. ಅವಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ. ದಿನವೂ ಸೂಜಿ ಹಾಕಿಕೊಳ್ಳಲೇಬೇಕು. ಹದಿನಾರು ತುಂಬುವ ಹೊತ್ತಿಗೆ ಮುಟ್ಟು ತಿಂಗಳುಗಟ್ಟಲೆ ನಿಂತುಹೋಯಿತು. ಗದ್ದದ ಮೇಲೆ ಕೂದಲು ಬಂತು. ಕಾಲೇಜಿನಲ್ಲಿ ಹುಡುಗಿಯರು ನಕ್ಕರು. ದುಪಟ್ಟಾದಿಂದ ಗದ್ದ ಮುಚ್ಚಿಕೊಂಡೇ ಓಡಾಡತೊಡಗಿದಳು.

ತಾಯಿ ಸುಮಿತ್ರವ್ವ ನೆರೆಮನೆಯ ಆಶಾ ಕಾರ್ಯಕರ್ತೆ ಬೀರವ್ವನ ಮುಂದೆ ಅತ್ತಳು.

"ಎಲ್ಲಾ ಈ ಸೂಜಿಯಿಂದನ ಆಗೈತಿ ಬೀರವ್ವ. ನಾಳೆ ಇಕಿನ್ನ ಯಾರು ಮಾಡ್ಕೋತಾರ?"

"ಸೂಜಿ ಮಾತ್ರ ಬಿಡಿಸಬ್ಯಾಡ್ರಿ ಅಕ್ಕಾರ. ಗದಗಕ್ಕ ಹೋಗಿ ಡಾಕ್ಟರಿಗೆ ತೋರ್ಸೂಣು, ನಾನೂ ಬರ್ತೀನಿ."

"ಮುಟ್ಟಿನ ಮಾತು ಮಂದಿ ಮುಂದ ಹೆಂಗ ಹೇಳೂದು? ಊರಿಗೆಲ್ಲಾ ಖಬರ ಆಗ್ತೈತಿ."

ಸುಮಿತ್ರವ್ವ ಗದಗಿಗೆ ಹೋಗಲಿಲ್ಲ. ಯಾರೋ ಹೇಳಿದ ಕಷಾಯ ಕುಡಿಸಿ, ಸೂಜಿ ಬಿಡಿಸಿದಳು. ಕಾಂಚನಾ ಬೇಡವೆನ್ನಲಿಲ್ಲ. ಆ ಕೂದಲು ಹೋದರೆ ಸಾಕಾಗಿತ್ತು ಅವಳಿಗೆ.

ಮರುದಿನವೇ ವಿಪರೀತ ಬಾಯಾರಿಕೆ, ಹೊಟ್ಟೆನೋವು. ಆಮೇಲೆ ವಾಂತಿ. ಉಸಿರು ಜೋರಾಗಿ ಏರಿಳಿಯತೊಡಗಿತು. "ಯವ್ವಾ, ನೀರು" ಎನ್ನುತ್ತಲೇ ಎಚ್ಚರ ತಪ್ಪಿದಳು. ಬೀರವ್ವ ಆಂಬುಲೆನ್ಸ್ ಕರೆಸಿದಳು.

ಗದಗಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಆದರೆ ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರಿ, ಮಿದುಳಿಗೆ ಬಾವು ಬಂದಿತ್ತು. ಕಣ್ಣು ತೆರೆದ ಕಾಂಚನಾಳ ಮಾತು ತೊದಲುತ್ತಿತ್ತು, ಬಲಗೈ ಏಳಲಿಲ್ಲ.

"ಇದನ್ನ ನಾನ ಮಾಡಿದ್ನಲ್ರಿ! ಸೂಜಿಯಿಂದನ ಮುಟ್ಟು ನಿಂತೈತಂತ ಬಿಡಿಸಿದ್ನಲ್ರಿ!" ಎಂದು ಸುಮಿತ್ರವ್ವ ಗೋಡೆಗೆ ಹಣೆ ಚಚ್ಚಿಕೊಂಡಳು.

ಡಾಕ್ಟರು ಅವಳನ್ನು ಕೂಡಿಸಿದರು. "ನಿಮ್ಮ ಸಂಶಯ ಪೂರ್ತಿ ಸುಳ್ಳಲ್ರಿ ಅವ್ವಾರ. ಹೊರಗಿಂದ ಹಾಕೋ ಇನ್ಸುಲಿನ್‌ನಿಂದ ಕೆಲವು ಹುಡುಗ್ಯಾರಿಗೆ ಹಾರ್ಮೋನು ಏರುಪೇರಾಗ್ತಾವ. ಸಕ್ಕರಿ ಹತೋಟಿ ತಪ್ಪಿದ್ರೂ ಮುಟ್ಟು ನಿಲ್ತೈತಿ. ಥೈರಾಯ್ಡ್ ತೊಂದ್ರಿನೂ ಇರಬಹುದು. ರಕ್ತ ಪರೀಕ್ಷೆ ಮಾಡಿ, ಕಾರಣ ಹುಡುಕಿ, ಗುಳಿಗಿ ಕೊಡ್ತೀವಿ, ಇನ್ಸುಲಿನ್ ಅಳತಿನೂ ನಾವ ಸರಿ ಮಾಡ್ತೀವಿ. ಆದ್ರ ಸೂಜಿ ಒಂದು ದಿನಾನೂ ಬಿಡಂಗಿಲ್ಲ. ಬಿಟ್ರ ಜೀವಾನ ಹೋಗ್ತೈತಿ."

"ಮೊದಲ ಕರ್ಕೊಂಡು ಬಂದಿದ್ರ?" ತಂದೆ ಕೊಟ್ರೇಶ ಕೇಳಿದ.

"ಇಷ್ಟು ದೂರ ಬರ್ತಿರಲಿಲ್ರಿ," ಎಂದರು ಡಾಕ್ಟರು.

ಈಗ ಸುಮಿತ್ರವ್ವ ತಾನೇ ಹೊತ್ತಿಗೆ ಸರಿಯಾಗಿ ಮಗಳಿಗೆ ಸೂಜಿ ಹಾಕುತ್ತಾಳೆ. ಚಿಕಿತ್ಸೆಯಿಂದ ಮುಟ್ಟು ಸರಿಹೋಗುತ್ತಿದೆ, ಗದ್ದದ ಕೂದಲೂ ಕಡಿಮೆಯಾಗುತ್ತಿದೆ. ಬಲಗೈ ಮಾತ್ರ ಇನ್ನೂ ಏಳುವುದಿಲ್ಲ. ಕಾಂಚನಾ ಕಾಲೇಜು ಬಿಟ್ಟಿದ್ದಾಳೆ. ತುತ್ತನ್ನೂ ತಾಯಿಯೇ ತಿನ್ನಿಸಬೇಕು.

ತಾಯಂದಿರೇ, ನಿಮ್ಮ ಮನೆಯಲ್ಲೂ ಇಂಥ ಮಗಳಿದ್ದರೆ, ಮುಟ್ಟು ತಪ್ಪಿದರೆ, ಮುಖದಲ್ಲಿ ಕೂದಲು ಬಂದರೆ ಮುಚ್ಚಿಡಬೇಡಿ. ಡಾಕ್ಟರಿಗೆ ತೋರಿಸಿ. ಯಾರು ಏನೇ ಹೇಳಲಿ, ಇನ್ಸುಲಿನ್ ನಿಲ್ಲಿಸಬೇಡಿ. ನಾಚಿಕೆಗೆ ಮಗಳನ್ನು ಬಲಿ ಕೊಡಬೇಡಿ.