ಒಂದು ಊದುಬತ್ತಿಯ ನೀರು

ಹೆಣದ ತಲೆಯ ಬಳಿ ಊದುಬತ್ತಿ ಉರಿದು ಕೊನೆಯ ಬೂದಿ ಉದುರಿದ್ದೇ ತಡ, ಪಕ್ಕದ ಗದ್ದೆಯ ಗೆನ್‌ಪಾಚಿ ಊರೇ ನಡುಗುವಂತೆ ಅರಚಿದ: "ತೂಬು ಮುಚ್ರೋ!"

ಅರ್ಧ ಊರು ದಡಬಡಿಸಿ ಎದ್ದೇಬಿಟ್ಟಿತು. ಗುರುಗಳ ಮಂತ್ರ ಗಂಟಲಲ್ಲೇ ಸಿಕ್ಕಿಕೊಂಡಿತು. ಸನುಕಿ ಸೀಮೆಯ ಕಪ್ಪೆಗಳೂ ಈಜು ಮರೆತಿದ್ದ ಆ ಬೇಸಿಗೆಯಲ್ಲಿ ಕೆರೆ ನೀರನ್ನು ಊದುಬತ್ತಿಯಲ್ಲೇ ಅಳೆಯುತ್ತಿದ್ದರು. ಒಂದು ಗದ್ದೆಗೆ ಒಂದು ಬತ್ತಿ ಉರಿಯುವಷ್ಟು. ಬತ್ತಿ ಹಚ್ಚುತ್ತಿದ್ದ ನೀರುಗಂಟಿ ಮೊಸಾಕು ಈಗ ಪೆಟ್ಟಿಗೆಯೊಳಗಿದ್ದ.

"ಸತ್ತ ಮೇಲೂ ಓಡಿಸ್ತಾನಲ್ಲಪ್ಪ ಈ ಜಿಪುಣ! ದೇವರೇ ಬಂದು ಕೇಳಿದ್ರೂ ಒಂದು ತೊಟ್ಟು ಹೆಚ್ಚು ಬಿಟ್ಟೋನಲ್ಲ," ಎಂದರು ಯಾರೋ. ಎಲ್ಲರೂ ನಕ್ಕರು. ನಗು ಮುಗಿಯುವ ಮೊದಲೇ ಅತ್ತರು.

ಹೆಂಡತಿ ಇಶಿನೊ ನಗಲೂ ಇಲ್ಲ, ಅಳಲೂ ಇಲ್ಲ. ಗೆನ್‌ಪಾಚಿ ಅವಳ ಪಕ್ಕ ಕುಕ್ಕರಿಸಿದ.

"ಅಕ್ಕ, ಮುಂದಿನ ಪಾಳಿ ನಿಮ್ಮದೇ. ಭತ್ತ ಹೊಡೆಗೆ ಬಂದಿದೆ, ತೆನೆ ಬಿಡೋ ಹೊತ್ತು. ಇವತ್ತು ನೀರು ತಪ್ಪಿದ್ರೆ ನಿಮಗೆ ಅನ್ನ ಇಲ್ಲ, ಎತ್ತಿಗೆ ಹುಲ್ಲಿಲ್ಲ."

"ಗೊತ್ತು ಕಣೋ."

"ಮನೆಯೋರೇ ನಿಂತು ಬದು ಕಡೀಬೇಕು, ಇಲ್ಲಾಂದ್ರೆ ಪಾಳಿ ಹೋಯ್ತು ಅಂತ ಭಾವನೇ ಕಟ್ಟು ಮಾಡಿದ್ರು. ಇದೊಂದು ಸಲ ನಾನು ಕಡೀತೀನಿ, ಬಿಡಿ."

"ಮಗಳಿಗೇ ಮುರೀದ ಕಟ್ಟು ಅದು."

*

ಮಗಳು ಫುಮಿ ಹೋದದ್ದೂ ಬರದ ವರ್ಷವೇ. ಶವ ಹೊರಡುವ ಹೊತ್ತಿಗೇ ಪಾಳಿ ಬಂದಿತ್ತು. ಮೊಸಾಕು ಗುದ್ದಲಿ ಹೆಗಲಿಗೇರಿಸಿದ್ದ.

"ರೀ, ನೀವು ಮನುಷ್ಯರೇನ್ರೀ? ಒಂದು ಪಾಳಿ ಹೋದ್ರೆ ಹೋಗ್ಲಿ!"

"ಒಂದು ಪಾಳಿ ಅಂದ್ರೆ ಒಂದು ವರ್ಷದ ಅನ್ನ ಕಣೆ. ಏನ್ಮಾಡೋದು, ನಾವಿಬ್ಬರು ಬದುಕಿದ್ದೀವಲ್ಲ," ಎಂದವನು ತಲೆ ತಗ್ಗಿಸಿ ನಡೆದುಬಿಟ್ಟಿದ್ದ.

ಆಮೇಲೆ ವರ್ಷಗಟ್ಟಲೆ ಆ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡಿದವು. ಅವಳು ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. 

*

ಪೆಟ್ಟಿಗೆ ಎತ್ತಿದರು. ಇಶಿನೊ ಎದ್ದಳು, ಹಿತ್ತಿಲಿಗೆ ಹೋಗಿ ಗುದ್ದಲಿ ತಂದಳು. ಹೆಂಗಸರು ಅವಳ ಸೂತಕದ ಬಿಳಿ ಉಡುಪಿನ ತೋಳು ಹಿಡಿದೆಳೆದರು.

"ಗಂಡನ ಹಿಂದೆ ಹೋಗೋದು ಬಿಟ್ಟು ಎಲ್ಲಿಗೆ ಹೊರಟ್ಯೇ? ಒಂಟಿ ಹೊಟ್ಟೆಗೆ ಎಷ್ಟು ಭತ್ತ ಬೇಕೇ?"

"ಅವರು ನೆಟ್ಟಿದ್ದು ಕಣ್ರೇ. ಅವರ ಜೊತೆ ಅದನ್ನೂ ಹೂತುಬಿಡ್ಲಾ?"

ತೂಬಿನ ಬಳಿ ಗೆನ್‌ಪಾಚಿ ಬತ್ತಿ ಹಚ್ಚಿ ಕೂಗಿದ. ಇಶಿನೊ ಬದು ಕಡಿದಳು. ಗದ್ದೆಯಲ್ಲಿ ಆನೆ ಹೊಗುವಂಥ ಬಿರುಕುಗಳು ನೀರನ್ನು ಗಟಗಟ ಕುಡಿಯತೊಡಗಿದವು.

ಅಷ್ಟರಲ್ಲಿ ಪೆಟ್ಟಿಗೆ ಕೆರೆ ಏರಿಯ ಮೇಲೆ ಬಂತು. ಯಾರೂ ಹೇಳದಿದ್ದರೂ ಹೊತ್ತವರು ನಿಂತರು. ಇಶಿನೊ ಕೆಸರು ಕೈ ಬೀಸಿದಳು.

"ನಿಲ್ಲಬೇಡಿ! ಹೋಗಿ, ಕರ್ಕೊಂಡು ಹೋಗಿ!"

ನೀರು ಕೊನೆಯ ಸಾಲಿಗೆ ತಲುಪಿರಲಿಲ್ಲ. ಅವಳು ಬಗ್ಗಿ ಎರಡೂ ಕೈಗಳಿಂದ ಅದನ್ನು ಬೊಗಸೆ ಬೊಗಸೆಯಾಗಿ ಅತ್ತ ನೂಕತೊಡಗಿದಳು. ಮೆರವಣಿಗೆ ಏರಿಯ ತಿರುವಿನಲ್ಲಿ ಮರೆಯಾದಾಗಲೂ ತಲೆ ಎತ್ತಲಿಲ್ಲ.