ಬದನಿ ಮಡಿಯ ಚಪ್ಪರಬದನಿ

ಸತ್ಯವ್ವನ ಕೈಗುಣ ಕೆಟ್ಟದು ಅಂತ ಓಣಿ ತುಂಬ ಸುದ್ದಿಯಾದದ್ದು ಒಂದು ಹಿಡಿ ಟೊಮೆಟೊ ಸಸಿಗಳಿಂದ.

ಸಂಸ್ಥಾನಗಳೆಲ್ಲ ಹೋಗಿ ಮುಂಬೈ ಸರಕಾರ ಬಂದಿದ್ದ ಹೊಸತು. ಬೀಳಗಿ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದ ಸತ್ಯವ್ವ ಮುಧೋಳದ ತವರಿನಿಂದ ಟೊಮೆಟೊ ಬೀಜ ತಂದು ಸಸಿ ಮಾಡಿದ್ದಳು. ಆ ಕಡೆ ಅದಕ್ಕೆ ಚಪ್ಪರಬದನಿ ಅಂತ ಹೆಸರು. ಹೆಸರಿನೊಳಗೇ ಬದನಿ ಇದ್ದ ಮೇಲೆ ಬೇರೆ ಮಾತೇನು? ‘ಬದನಿ ಜಾಗಾದಾಗ ಬದನಿ ಹಚ್ಚು’ ಅಂತ ಅತ್ತೆ ಮುದಕವ್ವ ಹಿತ್ತಲಿನ ಬದನೆ ಮಡಿ ತೋರಿಸಿದಳು. ತಾನು ಮದುವೆಯಾಗಿ ಬಂದಾಗಿನಿಂದ ಆ ಮಡಿಯಲ್ಲಿ ಬದನೆ ಬಿಟ್ಟು ಬೇರೇನೂ ಬೆಳೆದವಳಲ್ಲ ಆಕೆ. ಅಲ್ಲಿ ಹಿಡಿಸದೆ ಉಳಿದ ಸಸಿಗಳನ್ನು ಸತ್ಯವ್ವ, ಹೋದ ವರ್ಷದವರೆಗೆ ಮೇವಿನ ಬಣವೆ ಇದ್ದ ಮೂಲೆಯಲ್ಲಿ ಹಚ್ಚಿದಳು.

ಬಣವೆ ಮೂಲೆಯವು ಸೊಂಟದೆತ್ತರ ಎದ್ದು ನಿಂತವು. ಮಡಿಯವು ಗೇಣುದ್ದ ಬಂದು, ಎಲೆ ಹಳದಿ ಮಾಡಿಕೊಂಡು, ಮುನಿಸಿಕೊಂಡವರ ಹಾಗೆ ಕೂತುಬಿಟ್ಟವು. ನೀರು ಅದೇ, ಗೊಬ್ಬರ ಅದೇ. ನೋಡಲು ಬಂದವರು ದೊಡ್ಡ ಗಿಡ ಬಿಟ್ಟು ಗಿಡ್ಡ ಗಿಡಗಳನ್ನೇ ನೋಡಿದರು. ಜನದ ಕಣ್ಣೇ ಹಾಗೆ, ಏನು ಮಾಡೋದು!

‘ಬಂಗಾರದಂಥಾ ಮಡಿ. ಈಕಿ ಕೈ ಬಿದ್ದು ಹಾಳಾತು ನೋಡ ತಾರವ್ವಾ,’ ಅಂತ ಮುದಕವ್ವ ನೆರೆಮನೆಯವಳ ಮುಂದೆ ಹೇಳಿದಳು. ಅಷ್ಟಕ್ಕೇ ಬಿಡಲಿಲ್ಲ. ‘ಹಿಂಗಾರಿ ಬಿತ್ತೂ ಮುಂದ ಈಕಿ ಕಾಳು ಮುಟ್ಟೂದು ಬ್ಯಾಡ.’

ಸತ್ಯವ್ವನ ಕಿವಿಗೂ ಅದು ಬಿತ್ತು. ಮನೆಯ ಸೊಸೆ ಬಿತ್ತುವ ಕೂರಿಗೆಯ ಬಟ್ಟಲಿಗೆ ಜೋಳದ ಮೊದಲ ಹಿಡಿ ಬಿಡದೆ ಬದುವಿನ ಮೇಲೆ ಕೂತರೆ, ಆಕೆಯನ್ನು ಮನೆಯವಳು ಅಂತ ಯಾರು ಅಂದಾರು? ಗಂಡ ಧರೆಪ್ಪನೋ, ತಾಯಿಯ ಮುಂದೆ ಬಾಯಿ ಬಿಡುವ ಗಂಡಸಲ್ಲ. ಅಳಬಹುದಿತ್ತು, ಆದರೆ ಅಳುವಿಗಿಂತ ಸಿಟ್ಟು ಮೊದಲು ಬಂತು. ಸೀದಾ ಹಿತ್ತಲಿಗೆ ಹೋಗಿ ಮಡಿಯ ಗಿಡ ಒಂದನ್ನು ಕಿತ್ತೇಬಿಟ್ಟಳು. ಬೇರಿನ ತುಂಬ ಗಂಟು, ಶೇಂಗಾ ಕಾಯಿ ಕಟ್ಟಿದ ಹಾಗೆ. ಬಣವೆ ಮೂಲೆಯದನ್ನು ಕಿತ್ತರೆ ಬೇರು ನೂಲಿನಷ್ಟು ನುಣುಪು. ಮಡಿಯಂಚಿನ ಹಳೇ ಬದನೆ ಗಿಡ ಕಿತ್ತಳು. ಅದರಲ್ಲೂ ಅವೇ ಗಂಟು!

‘ಅತ್ತೀ, ಬದನಿ ರೋಗ ಮಣ್ಣಾಗ ಕುಂತೈತ್ರಿ. ಅದರ ತಂಗಿ ಚಪ್ಪರಬದನಿ ಬಂದ್ಲು, ಆಕಿಗೂ ಹತ್ತೈತಿ.’

‘ಬೇರಂದ್ರ ಗಂಟು ಇರತಾವು, ಮುತ್ತು ಇರತಾವೇನ?’ ಅಂದಳು ಮುದಕವ್ವ.

‘ಹಂಗಾರ ನೀವ ಹಚ್ಚರಿ. ಹಿಂದಿಂದ ಹಾಕಿದ ಬೀಜದ ಸಸಿ ಅದಾವು. ನಾನೂ ಹಚ್ಚತೇನಿ. ನಿಮ್ಮವು ನನ್ನವಕ್ಕಿಂತ ಮ್ಯಾಲ ಬಂದ್ರ ನಾ ಕಾಳು ಮುಟ್ಟೂದಿಲ್ಲ.’

‘ನಾ ಬದನಿ ಮಡಿಯಾಗ ಹಚ್ಚಾಕಿ. ನೋಡಕೋತ ಕುಂದರು!’

ಮುದಕವ್ವ ಮಡಿಗೆ ಕುಂಕುಮ ಏರಿಸಿ, ಊದಿನಕಡ್ಡಿ ಹಚ್ಚಿ, ಸಸಿ ನೆಟ್ಟಳು. ಸತ್ಯವ್ವ ಬಣವೆ ಮೂಲೆಯಲ್ಲಿ ತನ್ನವನ್ನು ಹಚ್ಚಿದಳು. ತಾರವ್ವ ಅಂತೂ ದಿನಾ ರೊಟ್ಟಿ ಬಡಿಯುವುದನ್ನು ಬಿಟ್ಟು ನೋಡಲು ಬರುತ್ತಿದ್ದಳು. ಸೊಸೆಯ ಗಿಡಗಳು ಹೂವು ಬಿಟ್ಟವು, ಕಾಯಿ ಕಚ್ಚಿದವು. ಅತ್ತೆಯವು ಗೇಣು ದಾಟಲಿಲ್ಲ. ಮುದಕವ್ವ ಕುರಿ ಹಿಕ್ಕೆ ಗೊಬ್ಬರ ಹಾಕಿದಳು, ಕದ್ದು ಮಜ್ಜಿಗೆ ಸುರಿದಳು, ಕಡೆಗೆ ಬಾಯಿಗೆ ಬಂದ ಹಾಗೆ ಬೈದಳು. ಗಿಡಕ್ಕೆ ಮಾನವಿದ್ದರಲ್ಲವೇ!

ಹಿಂಗಾರಿ ಬಿತ್ತುವ ದಿನ ಬಂತು. ಬೆಳಿಗ್ಗೆ ಮುದಕವ್ವ ತಾನು ನೆಟ್ಟ ಗಿಡವನ್ನು ತಾನೇ ಕಿತ್ತು, ಬೇರಿನ ಗಂಟುಗಳನ್ನು ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಗೋಡೆಯಾಚೆಯಿಂದ ತಾರವ್ವ, ‘ಮುದಕಕ್ಕಾ, ನಿಮ್ಮ ಕೈಗುಣಕ್ಕ ಏನಾತ್ರಿ?’ ಅಂದಳು.

‘ನನ್ನ ಕೈಗೆ ಏನೂ ಆಗಿಲ್ಲ. ನನ್ನ ಸೊಸಿ ಕೈಗೂ ಏನೂ ಆಗಿಲ್ಲ. ಆಗಿದ್ದು ಮಣ್ಣಿಗೆ. ಹೋಗಿ ಓಣಿಗೆಲ್ಲ ಹೇಳು!’

ಒಳಗಿದ್ದ ಸತ್ಯವ್ವನಿಗೆ ಕೇಳಿಸಿತು. ಖುಷಿಗೆ ಆಕೆಯ ಕಣ್ಣು ತುಂಬಿ ಬಂತು.

ಹೊಲದಲ್ಲಿ ಎತ್ತು ಹೂಡಿ ನಿಂತ ಧರೆಪ್ಪ ಇಬ್ಬರನ್ನೂ ನೋಡಿ ತಡವರಿಸಿದ. ‘ಯವ್ವಾ, ಬಟ್ಟಲಕ್ಕ ಕಾಳು ಯಾರು ಬಿಡತಾರ?’

ಮುದಕವ್ವ ಜೋಳವನ್ನೆಲ್ಲ ಸೊಸೆಯ ಉಡಿಗೆ ಸುರಿದು ಗದರಿದಳು: ‘ಯಾರ ಅಂತ ಕೇಳತೀಯಲ್ಲೋ, ನಿನ್ನ ಹೇಂತಿ ಕಾಣೂದಿಲ್ಲೇನ? ಎತ್ತು ಹೊಡಿ!’